ಅಂಬಮ್ಮನ ಹೆಸರಿನ ಮನೆ

ಕುರುಗೋಡಿನ ಆಶ್ರಯ ಕಾಲೊನಿಯಲ್ಲಿ ಅರವತ್ತೆರಡು ಮನೆ. ಅರವತ್ತೊಂದರಿಂದ ಸೌರ ಫಲಕಕ್ಕೆ ಒಪ್ಪಿಗೆ ಬಂದಿತ್ತು. ಉಳಿದದ್ದು ಕಾವೇರಿಯದು.

ಅದು ಕಾವೇರಿಯದು ಅಂತ ಹೇಳುತ್ತಿದ್ದವರು ಕಾಲೊನಿಯವರು ಮಾತ್ರ. ಕಾಗದದಲ್ಲಿ ಮನೆ ಅಂಬಮ್ಮನದು. ತನಗೆ ಮಂಜೂರಾದ ಆ ಮನೆಯನ್ನು ಅಂಬಮ್ಮ ಹದಿಮೂರು ವರ್ಷದ ಹಿಂದೆ, ಮಂಜೂರಾದ ವರ್ಷವೇ, ಬಾಂಡ್ ಪೇಪರಿನ ಮೇಲೆ ಕಾವೇರಿಗೆ ಮಾರಿ, ಸಿರುಗುಪ್ಪದ ಕಡೆಯ ದೇಶನೂರಿನಲ್ಲಿದ್ದ ಮಗನ ಹತ್ತಿರ ಹೋಗಿದ್ದಳು. ಸರ್ಕಾರ ಕೊಟ್ಟ ಮನೆಯನ್ನು ಹದಿನೈದು ವರ್ಷ ಮಾರುವಂತಿಲ್ಲ. ಮಾರಿದ್ದು ಗೊತ್ತಾದರೆ ಮಂಜೂರಾತಿ ರದ್ದು, ಒಳಗಿದ್ದವರು ಬೀದಿಗೆ. ಹೀಗಾಗಿ ಕರೆಂಟ್ ಬಿಲ್ಲು, ಕಂದಾಯ, ನಲ್ಲಿ ಎಲ್ಲವೂ ಅಂಬಮ್ಮನ ಹೆಸರಲ್ಲೇ ಉಳಿದಿದ್ದವು. ಯಾರಾದರೂ ಕಡತ ಹಿಡಿದು ಬಂದು ಅಂಬಮ್ಮ ಯಾರು ಎಂದರೆ ಕಾವೇರಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಸಹಿ ಹಾಕುತ್ತಿದ್ದಳು. ಕಾಗದದಲ್ಲಿದ್ದ ವಯಸ್ಸನ್ನು ಯಾರೂ ನೋಡುತ್ತಿರಲಿಲ್ಲ. ಈಗೀಗ ತನ್ನ ಸಹಿಗಿಂತ ಅಂಬಮ್ಮನ ಸಹಿಯೇ ಅವಳ ಕೈಗೆ ಚೆನ್ನಾಗಿ ಕೂತಿತ್ತು.

ಇನ್ನೆರಡು ವರ್ಷ ಕಳೆದರೆ ಹದಿನೈದು ತುಂಬುತ್ತದೆ. ಆಗ ಅಂಬಮ್ಮ ಬಂದು ಮನೆಯನ್ನು ಕಾವೇರಿಯ ಹೆಸರಿಗೆ ನೋಂದಣಿ ಮಾಡಿಕೊಡುವುದೆಂದು ಮಾತಾಗಿತ್ತು. ಕಾವೇರಿ ಅದಕ್ಕಾಗಿಯೇ ಕಾದಿದ್ದಳು.

ಅಷ್ಟರಲ್ಲಿ ಸೌರ ಫಲಕದ ಯೋಜನೆ ಬಂತು. ಬಡವರ ಮನೆಗಳ ಮಾಳಿಗೆ ಮೇಲೆ ಕಂಪನಿಯೊಂದು ತನ್ನ ಖರ್ಚಿನಲ್ಲಿ ಫಲಕ ಹಾಕುತ್ತದೆ, ಮನೆಗೆ ಬೇಕಾದಷ್ಟು ಕರೆಂಟ್ ಪುಕ್ಕಟೆ. ಸರ್ಕಾರದ ಸಹಾಯಧನ ಕಂಪನಿಗೆ, ಹೆಚ್ಚಿಗೆ ಹುಟ್ಟಿದ ಕರೆಂಟಿನ ದುಡ್ಡೂ ಹತ್ತು ವರ್ಷ ಕಂಪನಿಗೆ. ಆಮೇಲೆ ಫಲಕ ಮನೆಯವರದು. ಈಗಲೇ ಪುಕ್ಕಟೆ ಕರೆಂಟ್ ಬರುತ್ತಿರುವಾಗ ಇದೆಲ್ಲ ಯಾಕೆ ಎಂದು ಮುದುಕರೊಬ್ಬರು ಕೇಳಿದ್ದಕ್ಕೆ, ಕಾಲೊನಿಯ ಮುಖಂಡ ಹುಲುಗೇಶ, ಪುಕ್ಕಟೆ ಕೊಡೋ ಸರ್ಕಾರ ಇವತ್ತು ಇರುತ್ತದೆ ನಾಳೆ ಹೋಗುತ್ತದೆ, ಸೂರ್ಯನಿಗೆ ಎಲೆಕ್ಷನ್ ಇಲ್ಲ ಎಂದಿದ್ದ. ಎಲ್ಲರೂ ನಕ್ಕಿದ್ದರು, ಕಾವೇರಿಯೂ ನಕ್ಕಿದ್ದಳು.

ನಗು ನಿಂತದ್ದು ಷರತ್ತು ತಿಳಿದ ಮೇಲೆ. ಮಂಜೂರಾದವರು ಈ ಸಲ ಸಹಿ ಹಾಕಿದರೆ ಸಾಲದು, ಮೊಬೈಲಿನ ಮುಂದೆ ಮುಖ ತೋರಿಸಬೇಕು. ಆ ಮುಖ ಆಧಾರಿನ ಮುಖಕ್ಕೆ ತಾಳೆಯಾಗಬೇಕು. ಬೇಡ ಎನ್ನುವ ಮನೆಯವರು ಕಾರಣ ಬರೆದುಕೊಡಬೇಕು. ಅದನ್ನು ಪರಿಶೀಲಿಸಲು ತಾಲೂಕಿನಿಂದ ಜನ ಬರುತ್ತಾರೆ.

ಅಂಬಮ್ಮನನ್ನು ಕರೆಸಿದರೆ ಮನೆ ಮತ್ತೆ ಅವಳದೇ ಆದೀತೆಂದು ಹೆದರಿ ಕಾವೇರಿ ಮೊದಲು ಮಾಳಿಗೆ ಸೋರುತ್ತದೆ ಎಂದಳು. ಅದನ್ನೂ ಕಂಪನಿಯವರೇ ರಿಪೇರಿ ಮಾಡಿಕೊಡುತ್ತಾರಂತೆ. ಗಂಡ ಹಂಪೇಶ ಬಾಗಿಲಿಗೆ ಬೀಗ ಹಾಕಿ ಒಂದು ವಾರ ಎಲ್ಲಾದರೂ ಹೋಗಿಬಿಡೋಣ ಎಂದ. ಬೀಗ ಬಿದ್ದ ಮನೆಯೂ ಪರಿಶೀಲನೆಗೆ ಹೋಗುತ್ತದೆಂದು ಆಮೇಲೆ ಗೊತ್ತಾಯಿತು. ಆ ವಾರ ಬಳ್ಳಾರಿಯ ಜೀನ್ಸ್ ಗಾರ್ಮೆಂಟ್ಸಿನಲ್ಲಿ ಅವಳು ಹೊಲಿದ ಜಿಪ್ಪುಗಳೆಲ್ಲ ಸೊಟ್ಟ. ಸೂಪರ್‌ವೈಸರ್ ಹನ್ನೊಂದು ಪ್ಯಾಂಟು ವಾಪಸ್ ಅವಳ ಮಷಿನ್ನಿನ ಮೇಲೆ ಎಸೆದ.

ಸಂಜೆ ಅವಳು ಬಸ್ಸಿಳಿದಾಗ ಹುಲುಗೇಶ ಕಾಯುತ್ತಿದ್ದ.

"ಬಾಂಡಿನ ಮನಿ ನಿಂದೊಂದ ಅಲ್ಲವ್ವ ಕಾವೇರಿ," ಎಂದ. "ಉಳಿದೋರು ಹಳೇ ಮಾಲಕ್ರನ್ನ ಹಿಡ್ಕಂಡು ಬಂದು ಮುಖ ತೋರ್ಸ್ಯಾರ. ನಿನ್ನ ಸಲುವಾಗಿ ತಾಲೂಕಿನೋರು ಬಂದ್ರಂದ್ರ ಎಲ್ಲಾರ ಮನಿನೂ ಕೆದಕ್ತಾರ. ಆಗ ಕಾಲೊನಿ ನಿನ್ನ ಸುಮ್ನ ಬಿಡಂಗಿಲ್ಲ."

ಹೇಳಿದ್ದು ಬೆದರಿಕೆಯ ದನಿಯಲ್ಲಲ್ಲ, ಬಸ್ಸಿನ ಟೈಮ್ ಹೇಳುವ ಹಾಗೆ. ಕಾವೇರಿ ಅವತ್ತೇ ದೇಶನೂರಿಗೆ ಫೋನ್ ಮಾಡಿದಳು.

ಅಂಬಮ್ಮ ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಬಂದಳು. ಕಾವೇರಿಗೆ ನೆನಪಿದ್ದ ಗಟ್ಟಿ ಹೆಂಗಸು ಈಗ ಅರ್ಧದಷ್ಟಾಗಿದ್ದಳು. ಒಂದು ದಿನದ ಕೆಲಸಕ್ಕೆ ಅಷ್ಟು ದೊಡ್ಡ ಚೀಲ ಯಾಕೆ ತಂದಿದ್ದಾಳೆಂದು ಕಾವೇರಿ ಕೇಳಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅಂಬಮ್ಮ ಎರಡು ದಿನದ ಹಸಿವಿನವಳಂತೆ ತಿಂದಳು. ಸೊಸೆ ಹೇಗಿದ್ದಾಳೆ ಎಂದರೆ ಚೆನ್ನಾಗಿದ್ದಾಳೆ ಎಂದು ಇನ್ನೊಂದು ರೊಟ್ಟಿ ಕೇಳಿದಳು.

ಮೂರು ಗಂಟೆಗೆ ಸರ್ವೆಯ ಹುಡುಗಿ ರಶ್ಮಿ ಟ್ಯಾಬ್ ಹಿಡಿದು ಬಂದಳು, ಹಿಂದೆ ಹುಲುಗೇಶ. ಅಂಬಮ್ಮನನ್ನು ಬೆಳಕಿಗೆ ಕೂರಿಸಿ ಕಣ್ಣು ಮಿಟುಕಿಸಲು ಹೇಳಿದಳು. ಮೊದಲ ಸಲ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಆಗದಿದ್ದರೆ ಏನು ಗತಿ, ಆದರೆ ಏನು ಗತಿ ಎಂದು ಕಾವೇರಿಗೆ ಎರಡೂ ಒಟ್ಟಿಗೇ ಹೊಳೆಯಿತು. ಮೂರನೇ ಸಲ ತಾಳೆಯಾಯಿತು.

"ನೀವು ಯಾರ್ರಿ?" ಎಂದು ರಶ್ಮಿ ಕಾವೇರಿಯನ್ನು ಕೇಳಿದಳು.

"ಆಕಿ ಸೊಸಿರಿ," ಎಂದು ಹುಲುಗೇಶನೇ ಉತ್ತರ ಕೊಟ್ಟ.

ರಶ್ಮಿ ಷರತ್ತುಗಳನ್ನು ಓದತೊಡಗಿದಳು. ಅರವತ್ತೊಂದು ಮನೆಯಲ್ಲಿ ಯಾರೂ ಕೇಳಿಸಿಕೊಂಡಿರದ ಕಾರಣ ಸರಸರ ಓದುವ ಅಭ್ಯಾಸವಾಗಿತ್ತು. ಮಂಜೂರಾದವರು ಇದೇ ಮನೆಯಲ್ಲಿ ವಾಸವಿರಬೇಕು. ಮೂರು ತಿಂಗಳಿಗೊಮ್ಮೆ ಮುಖ ತೋರಿಸಬೇಕು. ಇಂದಿನಿಂದ ಹದಿನೈದು ವರ್ಷ ಮನೆಯನ್ನು ಮಾರುವಂತಿಲ್ಲ, ಯಾರ ಹೆಸರಿಗೂ ಬರೆಯುವಂತಿಲ್ಲ.

"ಒಂದು ನಿಮಿಷ ಮೇಡಂ," ಎಂದಳು ಕಾವೇರಿ. "ಇವತ್ತಿನಿಂದಾನ? ಹಿಂದಿನ ಹದಿಮೂರು ವರ್ಷ ಹಿಡ್ಯಂಗಿಲ್ಲೇನ್ರಿ?"

"ಇಲ್ರಿ. ಈ ಮನಿಗೆ ಸಹಾಯಧನ ಬಂದ್ರ ಹೊಸದಾಗಿ ಶುರು ಆಗ್ತೈತಿ. ಯಾಕ, ಮಾರೋರಿದ್ರೇನು?"

ಹುಲುಗೇಶ ಗೋಡೆ ನೋಡುತ್ತ ನಿಂತ. ಹದಿನೈದು ವರ್ಷ. ಕಾವೇರಿ ಲೆಕ್ಕ ಹಾಕಿದಳು, ತನಗಾಗ ಐವತ್ತೈದು. ಅಂಬಮ್ಮನಿಗೆ ಎಂಬತ್ತು ದಾಟಿರುತ್ತದೆ, ಬದುಕಿದ್ದರೆ. ಇಲ್ಲದಿದ್ದರೆ ದೇಶನೂರಿನ ಮಗ ವಾರಸುದಾರ. ಅವನು ಬಾಂಡ್ ಪೇಪರನ್ನು ಮೂಸಿಯೂ ನೋಡಲಾರ. ಬೇಡ ಎಂದರೆ ಕಾರಣ ಬರೆಯಬೇಕು, ತಾಲೂಕಿನವರು ಬರುತ್ತಾರೆ, ಮನೆ ಈ ತಿಂಗಳೇ ಹೋಗುತ್ತದೆ. ಹೌದೆಂದರೆ ಮನೆ ಇರುತ್ತದೆ, ತನ್ನದಂತೂ ಆಗುವುದಿಲ್ಲ.

ಪರದೆಯ ಮೇಲಿನ ಒಪ್ಪಿಗೆಯ ಗುಂಡಿಯ ಮೇಲೆ ಅಂಬಮ್ಮ ಬೆರಳು ಹಿಡಿದು ಕೂತಿದ್ದಳು. "ಒತ್ಲೇನವ್ವ? ನೀ ಹೇಳಿದಂಗ," ಎಂದಳು.

ಅವಳ ದನಿಯಲ್ಲಿ ಮೋಸವಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು ಅನಿಸಿತು ಕಾವೇರಿಗೆ.

"ಒತ್ತು ಅತ್ತಿ," ಎಂದಳು.

ಕೊನೆಗೆ ಮನೆ ಮುಂದೆ ಫೋಟೊ. ರಶ್ಮಿ ಅಂಬಮ್ಮನನ್ನು ಬಾಗಿಲಲ್ಲಿ ನಿಲ್ಲಿಸಿ, ಕಾವೇರಿಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದಳು. ಕಾವೇರಿ ಸರಿದಳು. ಇನ್ನೂ ಸ್ವಲ್ಪ ಎಂದಳು ರಶ್ಮಿ. ಕಾವೇರಿ ಚರಂಡಿ ದಾಟಿ ಎದುರು ಮನೆಯ ಕಟ್ಟೆಯ ಹತ್ತಿರ ಹೋಗಿ ನಿಂತಳು.

ಅವರೆಲ್ಲ ಹೋದ ಮೇಲೆ ಅಂಬಮ್ಮ ಒಳಗೆ ಬಂದು ಅಡುಗೆ ಮನೆಯನ್ನೂ ಹಂಪೇಶ ಹಾಕಿಸಿದ ಟೈಲ್ಸನ್ನೂ ಕೈಯಾಡಿಸಿ ನೋಡಿದಳು. ಸಿರುಗುಪ್ಪಕ್ಕೆ ಐದೂವರೆಗೆ ಬಸ್ಸಿದೆ ಎಂದಳು ಕಾವೇರಿ. ನಾಳೆ ಹೋದರಾಯಿತು ಎಂದಳು ಅಂಬಮ್ಮ. ಮರುದಿನ ಕಾವೇರಿ ಬಸ್ಸಿನ ಮಾತೆತ್ತಲಿಲ್ಲ. ಮೂರು ತಿಂಗಳಿಗೊಮ್ಮೆ ಈಕೆಯ ಮುಖ ಬೇಕು, ಮುನಿಸಿಕೊಂಡು ಹೋದರೆ ಯಾರು ಕರೆತರಬೇಕು? ಒಂದು ಕಪಾಟು ಖಾಲಿ ಮಾಡಿಕೊಟ್ಟಳು. ನಾಲ್ಕು ದಿನಕ್ಕೆ ಅಂಬಮ್ಮ ಫ್ಯಾನಿನ ಕೆಳಗಿನ ಮಂಚಕ್ಕೆ ಬಂದಳು. ಹಂಪೇಶ ಹಾಸಿಗೆಯನ್ನು ಅಡುಗೆ ಮನೆಗೆ ಒಯ್ದ.

ಮುಂದಿನ ತಿಂಗಳು ಲಾರಿಯಲ್ಲಿ ಫಲಕಗಳು ಬಂದವು. ಏಣಿ ಹೊತ್ತ ಕೆಲಸಗಾರನೊಬ್ಬ ಬಾಗಿಲಿಗೆ ಬಂದು, ಮಾಳಿಗೆ ಏರಲು ಮನೆ ಮಾಲೀಕರ ಅನುಮತಿ ಬೇಕು, ಯಾರು ಎಂದು ಕೇಳಿದ. ಕಾವೇರಿ ಕಸಬರಿಗೆ ಕೆಳಗಿಟ್ಟು ಒಳಗೆ ತಿರುಗಿದಳು.

"ಅತ್ತಿ, ನಿನ್ನ ಕೇಳಾಕತ್ತಾರ ನೋಡು."