ಇಪ್ಪತ್ತೆಂಟು ಶೂ ದೂರದ ಗೆರೆ

ಶಾಲೆ ಬಿಟ್ಟು ಮೈದಾನ ಖಾಲಿಯಾಗುತ್ತಿದ್ದಂತೆ ಭವ್ಯಶ್ರೀ ಬ್ಯಾಗಿನಿಂದ ಒಂದು ಜೊತೆ ಶೂ ತೆಗೆದು ಎರಡೂ ಕೈಗೆ ಹಾಕಿಕೊಂಡು ಮಂಡಿಯೂರುತ್ತಿದ್ದಳು. ಎಂಟನೇ ನಂಬರಿನ ಗಂಡಸರ ಶೂ. ಬಲಗಡೆಯದರ ತುದಿ ಬಾಯಿ ಬಿಟ್ಟಿತ್ತು. ರಿಲೇ ಓಟದಲ್ಲಿ ಬ್ಯಾಟನ್ ಬದಲಿಸುವ ಜಾಗದ ಅಂಚಿನಿಂದ ಹಿಂದಕ್ಕೆ, ಒಂದರ ಹಿಮ್ಮಡಿಗೆ ಇನ್ನೊಂದರ ತುದಿ ತಾಗಿಸುತ್ತ, ಕೈಯಲ್ಲೇ ನಡೆಯುವಳು. ಇಪ್ಪತ್ತೆಂಟಕ್ಕೆ ನಿಂತು, ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸಿ ಅಡ್ಡಗೆರೆ ಎಳೆಯುವಳು. ನಿನ್ನೆಯ ಗೆರೆ ಅಲ್ಲೇ ಮಸುಕಾಗಿ ಇದ್ದರೂ ಮತ್ತೆ ಎಣಿಸಿಯೇ ಎಳೆಯಬೇಕು.

ಮರಾಠಿ ಸೀಮೆಯ ನಿಗಡಿಯ ಆ ಶಾಲೆಯಲ್ಲಿ ಇದನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಶೂ ಅವಳ ಅವಳಿ ಅಣ್ಣ ಸುಹಾಸನದು. ಅವಳಿಗಿಂತ ಹತ್ತು ನಿಮಿಷ ಮೊದಲು ಹುಟ್ಟಿ, ಆ ಹತ್ತು ನಿಮಿಷದ ದೊಡ್ಡಸ್ತಿಕೆಯನ್ನು ಹದಿನಾಲ್ಕು ವರ್ಷ ತೋರಿಸಿದವನು. ಹೋದ ಮಳೆಗಾಲ ಡೆಂಗ್ಯೂ ಬಂತು. ಆರನೇ ದಿನ ಇಲ್ಲವಾದ.

ರಿಲೇ ತಂಡದಲ್ಲಿ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಮೂರನೆಯವನಾಗಿ ಸುಹಾಸ ಓಡಿ ಬಂದು ಕೊನೆಯವಳಾದ ಭವ್ಯಳಿಗೆ ಬ್ಯಾಟನ್ ಕೊಡುತ್ತಿದ್ದ. ಬೇರೆ ತಂಡಗಳಲ್ಲಿ ಕಾಯುವವರು ಕತ್ತು ತಿರುಗಿಸಿ ನೋಡುತ್ತಿರುತ್ತಾರೆ. ಬರುವವನು ಗೆರೆ ದಾಟಿದ್ದೇ ಇವರ ಓಟ ಶುರು. ಅವಳಿಗಳ ಪದ್ಧತಿ ಬೇರೆ. ಅವಳು ತಿರುಗುತ್ತಲೇ ಇರಲಿಲ್ಲ. ಅವನು ಗೆರೆಯ ಮೇಲೆ ಧಪ್ಪೆಂದು ಕಾಲು ಕುಟ್ಟುತ್ತಿದ್ದ, ಆ ಸದ್ದಿಗೆ ಅವಳು ಹೊರಡುತ್ತಿದ್ದಳು. "ಹಿಂದೆ ನೋಡುದು ಯಾಕೆ? ನಾನು ಬಂದೇ ಬರ್ತೇನಲ್ಲ," ಅನ್ನುತ್ತಿದ್ದ.

ಈಗಲೂ ಅವಳು ತಿರುಗುತ್ತಿರಲಿಲ್ಲ.

ಸುಹಾಸನ ಜಾಗಕ್ಕೆ ಜೂನ್‌ನಲ್ಲಿ ಬಂದವನು ಕುಶಲ. ಅವನ ಅಮ್ಮನಿಗೆ ಬೆಂಗಳೂರಿನಿಂದ ಹತ್ತಿರದ ಹಿಂಜೆವಾಡಿಯ ಕಂಪನಿಗೆ ವರ್ಗವಾಗಿತ್ತು. ಕೋಲು ಕಾಲು, ದಪ್ಪ ಕನ್ನಡಕ, ಅದು ಬೀಳದಂತೆ ತಲೆಯ ಹಿಂದೆ ಕಟ್ಟಿದ ಕಪ್ಪು ಇಲಾಸ್ಟಿಕ್. ಆಟಕ್ಕೂ ಅವನಿಗೂ ಅಲ್ಲಿಯವರೆಗೆ ಸಂಬಂಧವೇ ಇರಲಿಲ್ಲ. ವಾರಕ್ಕೆ ನಾಲ್ಕು ದಿನ ಬಸ್ಸು ತಪ್ಪಿಸಿಕೊಂಡು ಅದರ ಹಿಂದೆ ಓಡುತ್ತಿದ್ದ. ಒಂದು ದಿನ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಪಿ.ಟಿ. ಮೇಷ್ಟ್ರು ಮಹಾಲಿಂಗ ಸರ್ ಕೂತಿದ್ದರು. ಅಥಣಿ ಕಡೆಯವರು, ಮಿಲಿಟರಿಯಿಂದ ನಿವೃತ್ತರಾಗಿ ಪಕ್ಕದ ಊರು ದೇಹೂ ರೋಡ್‌ನಲ್ಲೇ ನೆಲೆಸಿದವರು.

"ಮುಂದಿನ ಸ್ಟಾಪಿನ ತನಕ ಓಡಿ ಬಂದು ಬಸ್ ಹತ್ತಿದ ನೋಡ ಈ ಮಗ," ಎಂದು ಮರುದಿನ ಅವನ ಕಿವಿ ಹಿಡಿದು ಮೈದಾನಕ್ಕೆ ಕರೆತಂದು ಭವ್ಯಳ ಎದುರು ನಿಲ್ಲಿಸಿದ್ದರು. "ಬೆನ್ನಮ್ಯಾಲೆ ಪುಸ್ತಕದ ಚೀಲ ಬ್ಯಾರೆ! ತಂಗಿ, ಇವನೇ ನಿನ್ನ ಜೋಡಿ."

"ಹಾಯ್. ನಾನು ನಿಜವಾಗ್ಲೂ ಚೆಸ್ ಆಡೋನು," ಎಂದಿದ್ದ ಕುಶಲ. "ಏನೋ ಮಿಸ್ಟೇಕ್ ಆಗಿದೆ ಅನ್ಸುತ್ತೆ."

ಭವ್ಯ ಆ ದಿನ ಮಾತಾಡಲಿಲ್ಲ. ವರ್ಷದಿಂದ ಅವಳು ಹೆಚ್ಚು ಮಾತಾಡುತ್ತಲೇ ಇರಲಿಲ್ಲ. ಆದರೆ ಅವನಿಗೆ ಅದು ಅಡ್ಡಿಯಾಗಲಿಲ್ಲ. ಇಬ್ಬರ ಪಾಲಿನದನ್ನೂ ಅವನೇ ಮಾತಾಡುತ್ತಿದ್ದ.

"ನೀವು ಮಂಗಳೂರು ಕಡೆಯವ್ರು ಎಲ್ಲಕ್ಕೂ 'ಎಂತ' ಅಂತೀರಲ್ಲ, ಸಕ್ಕತ್ತಾಗಿರುತ್ತೆ. ಒಂದ್ಸಲ ಅನ್ನು."

"ಎಂತ?"

"ಹಾಂ! ಅಂದ್ಬಿಟ್ಟೆ!"

ಅವಳು ಮುಖ ತಿರುಗಿಸಿಕೊಂಡಳು. ನಗು ಬಂದದ್ದು ಕಾಣಬಾರದಿತ್ತು.

ತೊಂದರೆ ಓಟದಲ್ಲಿತ್ತು. ಕುಶಲ ಗೆರೆಯ ಮೇಲೆ ಕಾಲು ಕುಟ್ಟುವನು, ಅವಳು ಹೊರಡುವಳು, ಆಮೇಲೆ ಅವನು ಎಷ್ಟು ಚಾಚಿದರೂ ಬ್ಯಾಟನ್ ಅವಳ ಬೆರಳಿಗೆ ನಾಲ್ಕು ಗೇಣು ಹಿಂದೆಯೇ ಉಳಿಯುವುದು. ಬದಲಿಸುವ ಜಾಗ ಮುಗಿದುಹೋಗುವುದು. ಜಾಗ ದಾಟಿ ಕೊಟ್ಟರೆ ತಂಡ ಔಟು. ಗೆರೆ ಎಳೆದದ್ದು ಸುಹಾಸನ ವೇಗಕ್ಕೆ. ಕುಶಲನಿಗೆ ಆ ವೇಗ ಇರಲಿಲ್ಲ. ಗೆರೆಯನ್ನು ಹತ್ತಿರಕ್ಕೆ ತಂದರೆ ಮುಗಿಯಿತು, ಅದು ಮೈದಾನದ ಎಲ್ಲರಿಗೂ ಗೊತ್ತು. ಹೇಳುವ ಬಾಯಿ ಯಾರಿಗೂ ಇರಲಿಲ್ಲ. ಹೊಸಬನಾದ ಕುಶಲ ಮಾತ್ರ ತಪ್ಪು ತನ್ನದೇ ಎಂದುಕೊಂಡಿದ್ದ. ಎಲ್ಲರೂ ಹೋದ ಮೇಲೆ ಒಬ್ಬನೇ ಇನ್ನೂ ಆರು ಸಲ ಓಡಿ, ಮಂಡಿ ಹಿಡಿದುಕೊಂಡು ಉಸಿರು ಬಿಡುತ್ತ ನಿಲ್ಲುತ್ತಿದ್ದ.

ಇನ್ನೊಂದು ವಿಷಯ ಭವ್ಯ ಯಾರಿಗೂ ಹೇಳಿರಲಿಲ್ಲ. ಕೆಲವು ಸಂಜೆ ಕುಶಲ ಇನ್ನೂ ದೂರದಲ್ಲಿರುವಾಗಲೇ ಅವಳಿಗೆ ಧಪ್ ಎಂದು ಕೇಳುತ್ತಿತ್ತು. ಭಾರದ ಕಾಲು, ಎಂಟನೇ ನಂಬರಿನದು. ಆಮೇಲೆ ಬೆನ್ನ ಹಿಂದೆ ಆ ಹೆಜ್ಜೆ ಹತ್ತಿರವಾಗುವುದು. ಅದು ಬಂದರೆ ಅವಳ ಕಾಲು ನಿಲ್ಲುತ್ತಿರಲಿಲ್ಲ. ಓಡುತ್ತ ಕೈಯನ್ನು ಹಿಂದಕ್ಕೆ ಚಾಚುವಳು. ಅಂಗೈ ಮೇಲೆ ಗಾಳಿ ಮಾತ್ರ ಹಾದುಹೋಗುವುದು.

ಗುರುವಾರ ಮಹಾಲಿಂಗ ಸರ್ ಸೀಟಿ ಊದಿ ಇಬ್ಬರನ್ನೂ ಕರೆದರು. ಮಾತಾಡುವಾಗ ಅವರು ನೋಡಿದ್ದು ಕುಶಲನನ್ನು ಮಾತ್ರ.

"ಐತವಾರ ಸ್ಪರ್ಧೆ ಅದ. ನಾಳೆ ಸಂಜಿ ಕಡೇ ಟ್ರಯಲ್. ಬ್ಯಾಟನ್ ಜಾಗದೊಳಗ ಮುಟ್ಟಲಿಲ್ಲಂದ್ರ ನೀ ಹೊರಗ, ಎರಡನೇ ತಂಡದ ಮನೋಜ ಓಡ್ತಾನ. ಅವನ ಕಾಲ ಭಾಳ ಚುರುಕ ಅದಾವ. ಸಿಟ್ಟ ಆಗಬ್ಯಾಡಪಾ."

"ಇಲ್ಲ ಸರ್," ಎಂದ ಕುಶಲ. "ಚೆಸ್‌ನವ್ರು ಇನ್ನೂ ನನ್ನ ಹೆಸರು ತೆಗ್ದಿಲ್ಲ."

ತಮಾಷೆಯಾಗಿಯೇ ಹೇಳಿದ. ಆದರೆ ಕನ್ನಡಕ ತೆಗೆದು, ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದ. ಭವ್ಯ ಅದನ್ನು ನೋಡಿದಳು. ಇದೆಲ್ಲ ಆಗುತ್ತಿರುವುದು ನನ್ನಿಂದ ಅಂತ ಹೇಳಲು ಬಾಯಿ ತೆರೆದಳು. ಸರ್ ಆಗಲೇ ಬೆನ್ನು ತಿರುಗಿಸಿದ್ದರು.

ಅದೇ ರಾತ್ರಿ ಊಟದ ಹೊತ್ತಿಗೆ ಕುಶಲ ಭವ್ಯಳ ಮನೆಯವರ ಹೋಟೆಲಿಗೆ ಬಂದ. ಅವನ ಅಮ್ಮನ ಮೀಟಿಂಗ್ ಮುಗಿದಿರಲಿಲ್ಲವಂತೆ. ಹೋಟೆಲು ಹೆದ್ದಾರಿಯ ಪಕ್ಕದಲ್ಲಿ, ಮನೆ ಅದರ ಮೇಲೆಯೇ. ಭವ್ಯಳ ಅಪ್ಪ ಸದಾನಂದ ಗಲ್ಲಾದಲ್ಲಿ, ಅಮ್ಮ ಲೀಲಾಕ್ಷಿ ದೋಸೆ ಕಾವಲಿಯ ಎದುರು. ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು. ಈಗ ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಹಿಟ್ಟು ಹೊಯ್ಯುತ್ತಿದ್ದಳು. ಭವ್ಯ ಒಳಗೆ, ತೆರೆದ ಬಾಗಿಲಿನ ಹಿಂದೆ, ಕೊತ್ತಂಬರಿ ಸೋಸುತ್ತಿದ್ದಳು.

"ನೀನೇ ಅಲ್ವಾ ಮಗಾ ಭವ್ಯನ ಜೊತೆ ಓಡುದು? ಎಂತ, ಎರಡೇ ದೋಸೆಯಾ? ಅಷ್ಟು ತಿಂದ್ರೆ ಓಡ್ಲಿಕ್ಕೆ ಆಗ್ತದಾ?"

"ಓಡೋದಕ್ಕೆ ಹೇಗೂ ಆಗ್ತಿಲ್ಲ ಆಂಟಿ. ಗೆರೆ ತುಂಬಾ ದೂರ ಇದೆ."

ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು. ಲೀಲಾಕ್ಷಿ ಇನ್ನೊಂದು ದೋಸೆ ಹೊಯ್ದಳು.

"ಆ ಗೆರೆ ನಮ್ಮ ಸುಹಾಸನದ್ದು. ನಮ್ಮ ಹುಡುಗ. ಅವನಿಲ್ಲ ಈಗ. ಅವಳು ದಿನಾ ಅವನ ಶೂ ತಕೊಂಡು ಹೋಗ್ತಾಳೆ. ನಾನೊಮ್ಮೆ ಅದನ್ನ ತೊಳೆದಿಟ್ಟೆ, ಎರಡು ದಿನ ನನ್ನ ಹತ್ರ ಮಾತು ಬಿಟ್ಳು. ಮಣ್ಣು ಹೋಯ್ತಂತೆ." ದೋಸೆ ಮಗುಚಿ ಅವನ ತಟ್ಟೆಗೆ ಹಾಕಿದಳು. "ನನಗೂ ಕೇಳ್ತದೆ ಮಗಾ, ಕೆಲವು ಸಲ. ಬೆಳಿಗ್ಗೆ ಮೆಟ್ಟಿಲು ಇಳಿಯುದು. ನಾನು ಹಿಂದೆ ನೋಡುದಿಲ್ಲ. ನೋಡಿದ್ರೆ ನಿಂತು ಹೋಗ್ತದೆ ಅಂತ ಹೆದರಿಕೆ."

ಭವ್ಯಳ ಕೈಯಲ್ಲಿ ಕೊತ್ತಂಬರಿ ಹಾಗೇ ಉಳಿಯಿತು. ಅಮ್ಮನಿಗೂ ಕೇಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಮೆಟ್ಟಿಲಲ್ಲಿ, ಇಬ್ಬರೂ ಬೇರೆ ಬೇರೆ ಕೇಳಿಸಿಕೊಂಡು ವರ್ಷವಾಗಿತ್ತು.

ಶುಕ್ರವಾರ ಸಂಜೆ ಅವಳು ಬೇಗ ಬಂದರೆ ಕುಶಲ ಅವಳಿಗಿಂತ ಮೊದಲೇ ಬಂದು ಗೆರೆಯ ಹತ್ತಿರ ಕೂತಿದ್ದ. ದೇಹೂ ರೋಡ್ ಕಡೆಗೆ ಹೋಗುವ ಲೋಕಲ್ ಟ್ರೈನು ದೂರದಲ್ಲಿ ಕೂಗಿತು.

"ಇವತ್ತು ಬೆಳಿಗ್ಗೆ ಬಸ್ಸಿಗೆ ಬೇಕಂತಲೇ ಎರಡು ಸ್ಟಾಪ್ ಓಡ್ದೆ," ಎಂದ. "ಮುಟ್ತೀನಿ. ಗೆರೆ ಅಲ್ಲೇ ಇರ್ಲಿ."

"ಮುಟ್ಲಿಕ್ಕೆ ಆಗುದಿಲ್ಲ ನಿನಗೆ."

"ಗೊತ್ತು. ಆದ್ರೂ."

"ಹುಚ್ಚಾ ನಿನಗೆ? ನಿನ್ನನ್ನ ತೆಗೀತಾರೆ ಸರ್!"

"ತೆಗೀಲಿ. ಮನೋಜ ಆ ಗೆರೆಗೆ ಸರಿಹೋಗ್ತಾನೆ. ಅವನು ಓಡಿದ್ರೆ ಗೆರೆ ಅಲ್ಲೇ ಇರುತ್ತೆ. ನಿಂಗೆ ಬೇಕಾಗಿರೋದು ಅದೇ ಅಲ್ವಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚೆಸ್ ಆಡುವವನು ಮಂತ್ರಿಯನ್ನು ಬಿಟ್ಟುಕೊಡುವಾಗಿನ ಲೆಕ್ಕವಿತ್ತು, ಅಷ್ಟೇ. "ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನಿಂಗೆ ಮ್ಯಾಚ್ ಆಗೋದು ಅದೊಂದೇ ಮೂವ್."

ಭವ್ಯ ಬ್ಯಾಗಿನ ಜಿಪ್ ತೆರೆದಳು. ಸುಹಾಸನ ಶೂ ಹೊರತೆಗೆದು, ಎಂದಿನಂತೆ ಅಳೆದು, ಇಪ್ಪತ್ತೆಂಟಕ್ಕೆ ಗೆರೆ ಎಳೆದಳು. ಕುಶಲ ನೋಡುತ್ತ ನಿಂತ. ಆಮೇಲೆ ಅವಳು ಶೂಗಳನ್ನು ಪಕ್ಕಕ್ಕಿಟ್ಟು, ಬದಲಿಸುವ ಜಾಗದ ಅಂಚಿಗೆ ವಾಪಸು ಬಂದು, "ಬಾ ಇಲ್ಲಿ. ನಡಿ," ಎಂದಳು.

"ಎಲ್ಲಿಗೆ?"

"ಹಿಂದಕ್ಕೆ. ಹಿಮ್ಮಡಿಗೆ ತುದಿ ತಾಗಿಸಿ. ನಾನು ಎಣಿಸ್ತೇನೆ."

ಅವನು ಹಗ್ಗದ ಮೇಲೆ ನಡೆಯುವವನ ಹಾಗೆ ನಡೆದ. ನಾಲ್ಕನೆಯದಕ್ಕೆ ಓಲಾಡಿದ. ಅವಳು ಅವನ ಮೊಣಕೈ ಹಿಡಿದಳು, ಹಿಡಿದವಳು ಬಿಡಲಿಲ್ಲ.

"ಎಂಥ ಸಣ್ಣ ಕಾಲು ಮಾರಾಯ ನಿಂದು! ಮಕ್ಕಳದ್ದಾ?"

"ಆರನೇ ನಂಬರ್. ಯಾರಿಗೂ ಹೇಳ್ಬೇಡ."

ಹತ್ತೊಂಬತ್ತಕ್ಕೆ ಅವಳು ನಿಲ್ಲಿಸಿದಳು. ಹೊಸ ಗೆರೆ ಎಳೆದಳು. ಹಳೆಯದು ಅದರ ಹಿಂದೆ, ಎರಡು ಮಾರಿನಷ್ಟು ದೂರದಲ್ಲಿ, ಬೆಳ್ಳಗೆ ಇತ್ತು. ಅದರ ಕಡೆ ಹೋಗಿ ಪಾದವನ್ನು ಅದರ ಮೇಲೆತ್ತಿ ಹಾಗೇ ನಿಂತಳು.

"ಅಳಿಸ್ಬೇಡ," ಎಂದ ಕುಶಲ. "ನಾನು ತುಳಿಯಲ್ಲ ಅದನ್ನ. ಹಾರ್ಕೊಂಡು ಬರ್ತೀನಿ."

ಟ್ರಯಲ್‌ಗೆ ಎರಡು ತಂಡ. ಪಕ್ಕದ ಲೇನಿನಲ್ಲಿ ಮನೋಜನ ತಂಡ. ಎರಡು ಗೆರೆ ನೋಡಿದ ಮಹಾಲಿಂಗ ಸರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಸೀಟಿ ಕೇಳಿತು. ಬೆಳಕು ಇಳಿಯುತ್ತಿತ್ತು. ಭವ್ಯ ಮುಂದಕ್ಕೆ ಬಾಗಿ, ಎದುರಿನ ಕಾಂಪೌಂಡ್ ಗೋಡೆ ನೋಡುತ್ತ ನಿಂತಳು. ಮೊದಲನೆಯವನಿಂದ ಎರಡನೆಯವಳಿಗೆ, ಎರಡನೆಯವಳಿಂದ ಕುಶಲನಿಗೆ; ಮಕ್ಕಳ ಕೂಗಿನಿಂದಲೇ ಗೊತ್ತಾಗುತ್ತಿತ್ತು. ಈಗ ತಿರುವು. ಈಗ ಬರುತ್ತಾನೆ.

ಧಪ್.

ಹಳೆಯ ಗೆರೆಯ ಮೇಲೆ. ಭಾರದ ಕಾಲು. ಅವಳ ಹಿಮ್ಮಡಿ ನೆಲ ಬಿಟ್ಟಿತು. ಅದನ್ನು ತುಳಿಯುವುದಿಲ್ಲವೆಂದು ಕುಶಲ ಹೇಳಿದ್ದ, ಹೇಳಿದ ಮೇಲೆ ತುಳಿಯುವವನಲ್ಲ. ಬಂದೇ ಬರ್ತೇನಲ್ಲ. ಬಂದಿದ್ದ. ಈಗ ಹೊರಡದಿದ್ದರೆ ಇನ್ನೊಮ್ಮೆ ಬರುತ್ತಾನೋ ಇಲ್ಲವೋ. ಮೈಯೆಲ್ಲ ಮುಂದಕ್ಕೆ ಎಳೆಯುತ್ತಿತ್ತು. ಹಲ್ಲು ಕಚ್ಚಿ ಎತ್ತಿದ ಹಿಮ್ಮಡಿಯನ್ನು ಮತ್ತೆ ಮಣ್ಣಿಗೆ ಒತ್ತಿದಳು.

ಹೆಜ್ಜೆ ಹತ್ತಿರ ಬಂತು. ಬಲ ಭುಜದ ಪಕ್ಕದಲ್ಲೇ ಹಾದುಹೋಯಿತು. ಕುತ್ತಿಗೆಯ ಬೆವರು ಒಮ್ಮೆ ತಣ್ಣಗಾಯಿತು. ಮುಂದೆ ಹೋಯಿತು.

ಆಮೇಲೆ ಇನ್ನೊಂದು ಸದ್ದು ಕೇಳಿತು. ಹಗುರ, ಅವಸರದ್ದು, ಏದುಸಿರಿನ ಜೊತೆ. ಧಪ್.

ಹೊರಟಳು. ಒಂದು, ಎರಡು, ಮೂರು, ನಾಲ್ಕು. "ತಗೋ ಭವ್ಯಾ!" ಕೈ ಹಿಂದೆ ಚಾಚಿದಳು. ಬೆವರಿನಿಂದ ಒದ್ದೆಯಾದ, ಬೆಚ್ಚಗಿನ ಬ್ಯಾಟನ್ ಅಂಗೈಗೆ ಬಂದು ಕೂತಿತು. ಯಾರೋ ದೂರದಲ್ಲಿ "ಅಸಂ ಪಾಹಿಜೆ!", ಹೀಗಿರಬೇಕು, ಎಂದು ಕಿರುಚಿದರು. ಸರ್ ಇರಬೇಕು. ಖುಷಿಯಾದಾಗ ಅವರಿಗೆ ಮರಾಠಿಯೇ ಬರುವುದು.

ಅವಳ ಮುಂದೆ ಲೇನು ಖಾಲಿಯಿತ್ತು. ಆದರೂ ಅವಳು ಯಾರದೋ ಹಿಂದೆ ಓಡುತ್ತಿದ್ದಳು. ಒಂದೇ ಹೆಜ್ಜೆ ಮುಂದೆ ಆ ಕಾಲಿನ ಸದ್ದು, ಚಿಕ್ಕಂದಿನಿಂದ ಕೇಳಿದ್ದು, ಹೋಟೆಲಿನ ಮೆಟ್ಟಿಲಲ್ಲಿ, ಶಾಲೆಯ ವರಾಂಡದಲ್ಲಿ. ಒಮ್ಮೆಯೂ ಅವನನ್ನು ಹಿಂದೆ ಹಾಕಲು ಆಗಿರಲಿಲ್ಲ. ಇವತ್ತೂ ಆಗಲಿಲ್ಲ. ಕೊನೆಯ ಗೆರೆ ಬಂತು. ಅವಳು ನಿಂತಳು. ಆ ಹೆಜ್ಜೆ ನಿಲ್ಲಲಿಲ್ಲ. ಗೋಡೆಯ ಕಡೆಗೆ ಹೋಗುತ್ತ, ಸಣ್ಣದಾಗುತ್ತ, ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಎಲ್ಲೋ ಸೇರಿಹೋಯಿತು.

ಗೆದ್ದದ್ದು ಮನೋಜನ ತಂಡ, ಕೂದಲೆಳೆಯಷ್ಟರಲ್ಲಿ. ಮಹಾಲಿಂಗ ಸರ್ ಅದನ್ನು ಬರೆದುಕೊಳ್ಳಲೇ ಇಲ್ಲ. "ಮುಟ್ಟಿತು. ಜಾಗದೊಳಗ ಮುಟ್ಟಿತು. ಐತವಾರ ಆರಕ್ಕ ಬರ್ರಿ ಇಬ್ಬರೂ. ಏ ಚಶ್ಮಾ, ನೀ ಬಸ್ಸಿಗೆ ಕಾಯಬ್ಯಾಡ, ಓಡೇ ಬಾ," ಎಂದು ಹೇಳಿ ಹೊರಟರು.

ಭವ್ಯ ಬದಲಿಸುವ ಜಾಗಕ್ಕೆ ವಾಪಸು ನಡೆದಳು. ಕುಶಲ ಕುಂಟುತ್ತ ಎದುರು ಬಂದ. ಅವನ ಬಲ ಶೂ ಹಿಮ್ಮಡಿಯಿಂದ ತುದಿಯವರೆಗೆ ಬೆಳ್ಳಗಾಗಿತ್ತು. ಹೊಸ ಗೆರೆಯಿಂದ ಅವಳು ನಿಂತಿದ್ದ ಜಾಗದತ್ತ ಕೆಂಪು ಮಣ್ಣಿನ ಮೇಲೆ ಬಿಳಿ ಹೆಜ್ಜೆ ಮೂಡಿದ್ದವು, ಒಂದು ಬಿಟ್ಟು ಒಂದು, ಚಿಕ್ಕವು, ಬರಬರುತ್ತ ಮಸುಕು.

"ಲೇಟಾಗಿ ಹೊರಟ್ಯಾ ನೀನು?" ಎಂದ ಉಸಿರಾಡುತ್ತ. "ಹಿಂದಿನ ಗೆರೆ ಹಾರ್ದಾಗ ನೋಡ್ದೆ, ನಿನ್ನ ಹಿಮ್ಮಡಿ ಎದ್ದಿತ್ತು. ಹೋಗ್ಬಿಟ್ಳು ಅಂದ್ಕೊಂಡೆ. ಆದ್ರೆ ನೀನು ನಿಂತೆ. ಯಾಕೆ?"

"ನಿನಗೆ ಕಾದೆ."

ಅವನು ಕನ್ನಡಕ ತೆಗೆದು ಒರೆಸಿದ. ಅಂಗಿಯೇ ಒದ್ದೆಯಿದ್ದುದರಿಂದ ಗಾಜು ಇನ್ನೂ ಮಂಜಾಯಿತು. ಅವಳು ಅದನ್ನು ಕಸಿದುಕೊಂಡು ತನ್ನ ದುಪಟ್ಟಾದಲ್ಲಿ ಒರೆಸಿ ವಾಪಸು ಕೊಟ್ಟಳು. ಇಬ್ಬರಿಗೂ ಆಮೇಲೆ ಎತ್ತ ನೋಡಬೇಕೆಂದು ತೋಚಲಿಲ್ಲ.

"ಹಳೇ ಗೆರೆ ನಾನು ತುಳ್ದಿಲ್ಲ, ಪ್ರಾಮಿಸ್," ಎಂದ ಅವನು. ತಿರುಗಿ ಆ ಕಡೆ ನೋಡಿದ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ತನ್ನ ಸಣ್ಣ ಶೂ ನೋಡಿಕೊಂಡ. "ಯಾರೋ ತುಳ್ದಿದಾರೆ, ದೊಡ್ಡ ಕಾಲು. ಬಂದು ನೋಡ್ತೀಯಾ?"

"ಬೇಡ," ಎಂದಳು ಭವ್ಯ.

ಸುಹಾಸನ ಶೂಗಳನ್ನು ಎತ್ತಿ, ಒಂದರ ಲೇಸು ಇನ್ನೊಂದಕ್ಕೆ ಕಟ್ಟಿ ಬ್ಯಾಗಿಗೆ ಹಾಕಿದಳು. ಇವತ್ತು ಮನೆಗೆ ಹೋಗಿ ಅಮ್ಮನಿಗೆ ಕೊಡಬೇಕು; ಬೇಕಾದರೆ ತೊಳೆಯಲಿ. ನಿನಗೂ ಕೇಳ್ತದಾ ಅಂತ ಕೇಳಬೇಕು.

"ದೋಸೆ ತಿಂತೀಯಾ?"

"ಎಷ್ಟು?"

"ಹತ್ತಾದ್ರೂ ತಿನ್ಬೇಕು. ಇಲ್ಲದಿದ್ರೆ ಅಮ್ಮ ಬಿಡುದಿಲ್ಲ."

ಗೇಟಿನವರೆಗೂ ಅವನು ಮಾತಾಡುತ್ತಲೇ ಇದ್ದ. ಅವಳು ಅವನ ಬಲಗಡೆ, ಕೈ ತಾಗುವಷ್ಟು ಹತ್ತಿರ, ಹಿಂದೆ ನೋಡದೆ ನಡೆದಳು.