ಸೋಮವಾರದ ಪ್ರಸಾದ

ಬಿಲ್ಡಿಂಗಿನ ನಳ್ಳಿಯಲ್ಲಿ ನೀರು ನಿಲ್ಲುವ ಮೊದಲೇ ಬಾಗಿಯವರು ಕೊಡಗಳನ್ನು ತುಂಬಿಸಿ, ದೇವರಿಗೆ ದೀಪ ಹಚ್ಚಿ, ಸೊಸೆಗೆ ಹಾಲು ಕೊಟ್ಟಾಗಿತ್ತು. ಡೊಂಬಿವಲಿಯ ಆ ಪುಟ್ಟ ಮನೆಯಲ್ಲಿ ಸೊಸೆ ಸೋನಾಲಿ ಏಳು ತಿಂಗಳ ಬಸುರಿ. ರಕ್ತದೊತ್ತಡ ಏರಿದೆ, ಮಂಚ ಬಿಟ್ಟು ಇಳಿಯಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಂದಿನಿಂದ ಮನೆಗೆಲಸವೆಲ್ಲ ಅತ್ತೆಯ ಪಾಲಿಗೆ ಬಂದಿತ್ತು.

ಕೆಲಸ ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಹೆರಿಗೆ ಸುಸೂತ್ರವಾಗಲಿ ಎಂದು ಬಾಗಿಯವರು ಸೋಮವಾರ ಉಪವಾಸ ಹಿಡಿದರು. ಸೊಸೆಯ ಕಾಲು ಊದಿಕೊಂಡಾಗ ಶುಕ್ರವಾರವೂ ಸೇರಿತು. ಮಗ ರಿತೇಶನ ಕಂಪೆನಿಯಲ್ಲಿ ಜನರನ್ನು ತೆಗೆಯುತ್ತಾರೆಂಬ ಸುದ್ದಿ ಬಂದಾಗ ಶನಿವಾರವೂ ಬಂತು. ಹೊಸ ಭಯ ಹುಟ್ಟಿದಾಗಲೆಲ್ಲ ಅವರು ಒಂದು ದಿನದ ಊಟ ಬಿಡುತ್ತಿದ್ದರು. ಪಕ್ಕದ ಠಾಣೆ ಪಟ್ಟಣದಲ್ಲಿ ಹೋಟೆಲ್ ನಡೆಸುತ್ತಿದ್ದ ಗಂಡ ಧರ್ಮಪಾಲರು ತೀರಿಕೊಂಡು ವರ್ಷ ತುಂಬಿರಲಿಲ್ಲ. ಮತ್ತೊಂದು ದುಃಖವನ್ನು ತಾಳುವ ಶಕ್ತಿ ಅವರಲ್ಲಿರಲಿಲ್ಲ.

ಆ ಸೋಮವಾರ ಮಧ್ಯಾಹ್ನ ಸೊಸೆಗೆ ಊಟ ತರುವಾಗ ಬಾಗಿಯವರಿಗೆ ಕಣ್ಣು ಕತ್ತಲೆಗಟ್ಟಿತು. ತಟ್ಟೆ ಕೈಜಾರಿತು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕುಳಿತರು. ಸೋನಾಲಿ ಗಾಬರಿಯಿಂದ ಮಂಚದಿಂದ ಕಾಲು ಇಳಿಸಿದಳು.

“ಇಳಿಬೇಡ ಮಗಾ, ನನಗೆ ಎಂತ ಆಗಲಿಲ್ಲ” ಎಂದರು ಬಾಗಿ.

ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ ರಿತೇಶ್ ಓಡಿಬಂದು ತಾಯಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ. “ಅಮ್ಮ, ಅಬ್ ಬಸ್, ಸಾಕು ಇನ್ನು. ಮೊದಲು ಊಟ ಮಾಡು.”

“ದೇವರಿಗೆ ಮಾತು ಕೊಟ್ಟಿದ್ದೇನೆ. ನಿನ್ನ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಹೊತ್ತುಹೊತ್ತಿಗೆ ಉಂಡೆ. ಈಗಲೂ ಉಂಡು ಕೂತುಕೊಳ್ಳುದಾ?”

ಇದಕ್ಕೆ ಉತ್ತರ ಕೊಟ್ಟವಳು ಸೋನಾಲಿ. ಅತ್ತೆಮಾವಂದಿರನ್ನು ಅವಳು ಕರಾವಳಿಯ ತಮ್ಮ ಊರಿನ ರೂಢಿಯಂತೆ ಮಾಮಿ, ಮಾಮ ಎಂದೇ ಕರೆಯುತ್ತಿದ್ದಳು.

“ನೀವು ಉಂಡದ್ದಕ್ಕೇ ಮಾಮನ ಚಾಕರಿ ಮಾಡ್ಲಿಕ್ಕೆ ಆಯ್ತು ಮಾಮಿ. ಠಾಣೆಯಲ್ಲಿ ಹೋಟೆಲ್ ನಡೆಸಿದವರ ಮನೆಯಲ್ಲಿ ಉಪವಾಸ ಅಂದ್ರೆ ಗಿರಾಕಿಗಳು ನಗ್ತಾರೆ.”

“ನಿನಗೆ ತಮಾಷೆ.”

“ತಮಾಷೆ ಅಲ್ಲ. ನೀವು ಬಿದ್ದರೆ ನಾನು ಮಂಚ ಇಳೀಲೇಬೇಕಾಗ್ತದೆ.”

ಬಾಗಿಯವರು ತಲೆ ತಗ್ಗಿಸಿದರು. ಆದರೂ ಊಟಕ್ಕೆ ಏಳಲಿಲ್ಲ.

ಸೋನಾಲಿ ಗಂಡನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ರಿತೇಶ್ ಕೈಕಾಲು ತೊಳೆದು, ಕುಚ್ಚಲಕ್ಕಿ ಗಂಜಿಯನ್ನು ದೊಡ್ಡ ಬಟ್ಟಲಿಗೆ ಬಡಿಸಿ, ದೇವರ ಮುಂದಿಟ್ಟು ಗಂಟೆ ಬಾರಿಸಿದ. ಅದೇ ಬಟ್ಟಲನ್ನು ತಾಯಿಯ ಮುಂದೆ ಹಿಡಿದ.

“ತೆಗೊ. ಪ್ರಸಾದ.”

ಪ್ರಸಾದವನ್ನು ಬೇಡವೆಂದು ಹೇಳಿ ಗೊತ್ತಿದ್ದವರಲ್ಲ ಬಾಗಿ. ಬಟ್ಟಲನ್ನೂ ಮಗನ ಮುಖವನ್ನೂ ನೋಡಿದರು.

“ಇಷ್ಟು ಪ್ರಸಾದ ಯಾರು ಕೊಡ್ತಾರೆ ಮಾರಾಯ?”

“ನಮ್ಮ ದೇವರದ್ದು ಫುಲ್ ಪ್ಲೇಟ್” ಎಂದಳು ಸೋನಾಲಿ.

ಬಾಗಿಯವರಿಗೆ ನಗು ಬಂತು. ಜೊತೆಗೇ ಕಣ್ಣೂ ತುಂಬಿತು. ಬಟ್ಟಲನ್ನು ಕಣ್ಣಿಗೊತ್ತಿಕೊಂಡು ನಿಧಾನವಾಗಿ ಉಂಡರು. ತೊಳೆಯಲು ಏಳಹೊರಟಾಗ ಮಗ ಬಟ್ಟಲು ಕಸಿದುಕೊಂಡ. ಅವರು ಜಗಳವಾಡಲಿಲ್ಲ. ಸೊಸೆಯ ಮಗ್ಗುಲಲ್ಲೇ ಮಲಗಿ, ದೀಪ ಹಚ್ಚುವ ಹೊತ್ತಿನ ತನಕ ನಿದ್ದೆ ಮಾಡಿದರು.

ಶುಕ್ರವಾರ ಬಾಗಿಯವರು ತಾವೇ ನೈವೇದ್ಯ ಮಾಡಿ, ಎರಡು ಬಟ್ಟಲು ಹಿಡಿದು ಬಂದು ಮಂಚದ ಪಕ್ಕ ಕುಳಿತರು.

“ಇವತ್ತು ಶುಕ್ರವಾರ ಅಲ್ವಾ ಮಾಮಿ?” ಸೋನಾಲಿ ಕೆಣಕಿದಳು.

“ಬೆಳಿಗ್ಗೆಯೇ ಹೇಳಿಯಾಯ್ತು ದೇವರಿಗೆ. ಹೆರಿಗೆ ನೀನು ನೋಡಿಕೊ, ಬಾಣಂತನ ಮಾಡ್ಲಿಕ್ಕೆ ನನಗೆ ಶಕ್ತಿ ಬೇಕು ಅಂತ.”

ಹೀಗೆ ಹೇಳಿ ಅವರು ಸೊಸೆಯ ಗಂಜಿಗೆ ಒಂದು ಚಮಚ ತುಪ್ಪ ಹಾಕಿದರು. ಆಮೇಲೆ ತಮ್ಮದಕ್ಕೂ ಒಂದು ಚಮಚ ಹಾಕಿಕೊಂಡರು.