ತಾನಾಗಿಯೇ ಬಿಳುಚಿದ ಹಳದಿ

ಪ್ರಯೋಗಾಲಯ ನೋಡಿಕೊಳ್ಳುವ ಆಸಿಡ್ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ಗೇಟು ಕಾಯುವವನಿಂದ ಹಿಡಿದು ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮಧ್ಯಾಹ್ನ ಅವಳಿಗೆ ಬಂದದ್ದು ಅಂಥ ದಿನನಿತ್ಯದ ಕೋಪವಲ್ಲ. ಮೂರು ದಿನದ ರಜೆ ಮುಗಿಸಿ ಬಂದವಳು ಪ್ರಯೋಗಾಲಯದ ಡ್ರಾಯರು ಎಳೆದು, ಕಪ್ಪು ಕಾಗದದಲ್ಲಿ ಸುತ್ತಿಟ್ಟಿದ್ದ, ಬಾಯಿ ಬೆಸೆದ ಪುಟ್ಟ ಗಾಜಿನ ಆಂಪ್ಯೂಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಳದಿಯಾಗಿರಬೇಕಿದ್ದ ದ್ರಾವಣ ಬಿಳುಚಿಕೊಂಡಿತ್ತು. ಎರಡನೆಯದನ್ನು ಹಿಡಿದಳು, ಅದೂ ಅಷ್ಟೇ. ಮೂರನೆಯದೂ ಹಾಗೆಯೇ.

ಆಸ್ಪತ್ರೆಗಳಿಗೆ ಹೋಗುವ ಹತ್ತಿ, ಗಾಯದ ಬಟ್ಟೆಗಳ ಪೆಟ್ಟಿಗೆಗಳು ಅಲ್ಲಿ ಬೆಲ್ಟಿನ ಮೇಲೆ ಕೂತು, ದಪ್ಪ ಗೋಡೆಯ ಕೋಣೆಯೊಳಗೆ ಹೋಗಿ, ಕೋಬಾಲ್ಟಿನ ಗಾಮಾ ಕಿರಣಕ್ಕೆ ಮೈಯೊಡ್ಡಿ ಹೊರಬರುತ್ತಿದ್ದವು. ಒಳಗಿನ ಕ್ರಿಮಿ ಸತ್ತಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಪೆಟ್ಟಿಗೆಗಳ ನಡುವೆ ಆಂಪ್ಯೂಲು ಇಡುವುದು. ಅದರಲ್ಲಿರುವುದು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿದ ಸೀರಿಯಂ. ಅದರ ಅಯಾನಿನ ಬಣ್ಣ ಹಳದಿ. ಕಿರಣ ಬಿದ್ದಾಗ ನೀರು ಒಡೆಯುತ್ತದೆ, ಆ ಚೂರುಗಳಿಂದ ಒಂದು ಎಲೆಕ್ಟ್ರಾನು ಪಡೆದ ಸೀರಿಯಂ ಬಣ್ಣ ಕಳೆದುಕೊಳ್ಳುತ್ತದೆ. ಎಷ್ಟು ಹಳದಿ ಹೋಯಿತೋ ಅಷ್ಟು ಕಿರಣ ಬಿದ್ದಿದೆ ಎಂದು ಲೆಕ್ಕ. ಪ್ರತಿ ಸಲ ತುಂಬಿದ ಆಂಪ್ಯೂಲುಗಳಲ್ಲಿ ಒಂದನ್ನು ಒಳಗೆ ಕಳಿಸದೆ ಡ್ರಾಯರಿನಲ್ಲಿಡುವುದು ಆಸಿಡ್ ಅಕ್ಕ ಮಾಡಿದ ಕಟ್ಟಳೆ. ಅವಳಿಲ್ಲದಾಗಲೂ ಗಾಜು ತೊಳೆಯುವಾಕೆ ಮರೆಯದೆ ಇಟ್ಟಿದ್ದಳು. ಕಿರಣದ ಗಾಳಿಯೂ ಸೋಕದ ಆಂಪ್ಯೂಲು ತಾನಾಗಿಯೇ ಬಿಳುಚಿದೆ ಎಂದರೆ ಒಳಗೆ ಏನೋ ಕೊಳೆ ಸೇರಿದೆ.

"ಗಾಜು ಹೆಂಗೆ ತೊಳೆದೆ?" ಎಂದು ಕೇಳಿದಳು.

"ಗಾಜು ಸುಡೋ ಕುಲುಮೆ ಕೆಟ್ಟಿತ್ತಲ್ಲಕ್ಕ. ಸುಡೋದು ಬೇಡ, ಸ್ಪಿರಿಟ್‌ನಲ್ಲಿ ಜಾಲಿಸು, ಬೇಗ ಒಣಗುತ್ತೆ ಅಂತ ಮ್ಯಾನೇಜರ್ ಸಾಹೇಬ್ರೇ ಹೇಳಿದ್ರು," ಎಂದಳು ತೊಳೆಯುವಾಕೆ, ಬೆದರಿ.

ಸ್ಪಿರಿಟ್! ಗಾಜಿಗಂಟಿದ ಒಂದಿಷ್ಟು ಸ್ಪಿರಿಟ್ ಸಾಕು, ಸೀರಿಯಂನ ಹಳದಿಯನ್ನು ಸದ್ದಿಲ್ಲದೆ ತಿಂದುಹಾಕಲು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮ್ಯಾನೇಜರ್ ಸಾಹೇಬ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ಅಣ್ಣ. ಸಕ್ಕರೆ ಕಾಯಿಲೆಯಿಂದ ಅವನ ಎಡ ಹಿಮ್ಮಡಿಯಲ್ಲಿ ನಾಲ್ಕು ತಿಂಗಳಿಂದ ಮಾಯದ ಹುಣ್ಣು. ರಕ್ತ ಕಂಡರೆ ಅತ್ತಿಗೆಗೆ ತಲೆ ಸುತ್ತುತ್ತದೆ. ಹಾಗಾಗಿ ದಿನವೂ ಊಟದ ಹೊತ್ತಿಗೆ ತಂಗಿಯ ಬಳಿ ಬಂದು, ಪಟ್ಟಿ ಬದಲಿಸಿಕೊಳ್ಳಲು ಸ್ಟೂಲಿನ ಮೇಲೆ ಕಾಲು ಚಾಚುತ್ತಿದ್ದ. ಅವತ್ತೂ ಬಂದ, ಕಾಲುಚೀಲ ಕಳಚಿ ಕೂತ.

"ಬಂದ್ಯಾ ಮಹಾರಾಯ್ತಿ? ಮೂರು ದಿನ ನೀನಿಲ್ದೆ ಕಾರ್ಖಾನೆ ಎಷ್ಟು ತಣ್ಣಗಿತ್ತು ಗೊತ್ತಾ!"

ಅವಳು ಮೂರು ಆಂಪ್ಯೂಲುಗಳನ್ನೂ ಅವನ ಮುಂದಿಟ್ಟಳು. "ಇವು ಡ್ರಾಯರಿಂದ ಆಚೆ ಹೋಗಿಲ್ಲ. ಬಣ್ಣ ನೋಡು."

ಅಣ್ಣ ನೋಡಿದ. ದಡ್ಡನಲ್ಲ, ಅರ್ಥವಾಯಿತು. ಆದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. "ಸ್ವಲ್ಪ ಹೆಚ್ಚು ತೋರಿಸಿರಬಹುದು. ನಮಗೆ ಬೇಕಾಗಿದ್ದು ಇಪ್ಪತ್ತೈದು ಕಿಲೋಗ್ರೇ ಕಿರಣ. ಮೊದಲ ದಿನ ಮೂವತ್ತಮೂರು ಬಂತು. ಅಷ್ಟು ಯಾಕೆ ಅಂತ ಬೆಲ್ಟಿನ ವೇಗ ಜಾಸ್ತಿ ಮಾಡಿಸ್ದೆ. ಆಮೇಲೆ ಇಪ್ಪತ್ತಾರಕ್ಕೆ ನಿಂತಿತು."

ಅವಳು ಒಂದು ಆಂಪ್ಯೂಲನ್ನು ಎತ್ತಿ ಅವನ ಕಣ್ಣ ಮುಂದೆ ಹಿಡಿದಳು. "ಹೆಚ್ಚು ತೋರಿಸ್ತು ಅಂತ ಪೆಟ್ಟಿಗೆಗಳನ್ನ ಓಡಿಸ್ದಾ? ಹಂಗಾದ್ರೆ ನಿಜವಾಗಿ ಎಷ್ಟು ಬಿದ್ದಿದೆ? ಹದಿನೈದೋ? ಹದಿನೆಂಟೋ? ಯಾರಿಗೆ ಗೊತ್ತು?"

"ಕೂಗಾಡಬೇಡ. ಲಾರಿ ತುಂಬಿದೆ, ಸಂಜೆಯೊಳಗೆ ಆಸ್ಪತ್ರೆ ಉಗ್ರಾಣಕ್ಕೆ ಸೇರಬೇಕು. ವರದಿಗೆ ಸಹಿ ಹಾಕು. ಮುಂದಿನ ಸಲ ಕುಲುಮೆ ರಿಪೇರಿ ಮಾಡ್ಸೋಣ. ಹದಿನೈದಾದ್ರೂ ಬಿದ್ದಿದೆಯಲ್ಲ, ಮುಕ್ಕಾಲುಪಾಲು ಕ್ರಿಮಿ ಸತ್ತೇ ಇರುತ್ತೆ."

"ಉಳಿದ ಕಾಲುಪಾಲು?"

"ಕಾಗದದಲ್ಲಿ ಇಪ್ಪತ್ತಾರು ಇದೆ ಕಣೇ! ನಿನ್ನನ್ನ ಈ ಕೆಲಸಕ್ಕೆ ಸೇರಿಸಿದ್ದು ಯಾರು, ಮರೆತ್ಯಾ?"

ಅವಳು ಮರೆತಿರಲಿಲ್ಲ. ಅದು ನೆನಪಾದದ್ದರಿಂದಲೇ ಕೋಪ ಇನ್ನೂ ಹೆಚ್ಚಾಯಿತು. ಮೆಟ್ಟಿಲಿಳಿದು ಅಂಗಳಕ್ಕೆ ಹೋದಳು. ಲಾರಿಯ ಡ್ರೈವರು ಬಾನೆಟ್ಟಿಗೆ ಒರಗಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಹಿಂದಿನ ಬಾಗಿಲಿನಿಂದ ಒಂದು ಪೆಟ್ಟಿಗೆ ಎಳೆದು, ಸೀಲು ಕಿತ್ತು, ಗಾಯದ ಬಟ್ಟೆಯ ಒಂದು ಪೊಟ್ಟಣ ತೆಗೆದುಕೊಂಡಳು. "ಅಯ್ಯೋ ಅಕ್ಕಾ, ಸೀಲು!" ಎನ್ನುತ್ತಾ ಡ್ರೈವರು ಪೆಟ್ಟಿಗೆ ಹೊತ್ತುಕೊಂಡೇ ಅವಳ ಹಿಂದೆ ಓಡಿ ಬಂದ.

ಅಣ್ಣ ಇನ್ನೂ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡೇ ಕೂತಿದ್ದ. ಅವಳು ಕೈ ತೊಳೆದು, ಮಂಡಿಯೂರಿ, ಹಳೆಯ ಪಟ್ಟಿ ಬಿಚ್ಚಿದಳು. ಹುಣ್ಣು ಕೆಂಪಗೆ ಬಾಯಿ ಬಿಟ್ಟುಕೊಂಡಿತ್ತು. ಲಾರಿಯಿಂದ ತಂದ ಪೊಟ್ಟಣವನ್ನು ಹರಿದಳು.

"ಅದೆಲ್ಲಿಂದ ತಂದೆ?" ಎಂದ ಅಣ್ಣ.

"ಲಾರಿಯಿಂದ. ಕಾಗದದಲ್ಲಿ ಇಪ್ಪತ್ತಾರು ಇದೆಯಲ್ಲ? ಕಾಲು ಕೊಡು."

ಬಟ್ಟೆ ಹಿಮ್ಮಡಿಯ ಹತ್ತಿರ ಬಂತು. ಇನ್ನೇನು ತಾಕಬೇಕು, ಅಣ್ಣ ಚೇಳು ಕುಟುಕಿದವನ ಹಾಗೆ ಕಾಲು ಎಳೆದುಕೊಂಡ. ಸ್ಟೂಲು ಉರುಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಎರಡೂ ಕೈಯಲ್ಲಿ ಹಿಮ್ಮಡಿ ಮುಚ್ಚಿಕೊಂಡಿದ್ದ.

ಅವಳು ಬಟ್ಟೆ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡಿದ್ದಳು. ಬಾಗಿಲಲ್ಲಿ ನಿಂತ ಡ್ರೈವರು ಒಮ್ಮೆ ಆ ಕಾಲನ್ನು, ಒಮ್ಮೆ ತನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿದ.

"ಸಾರ್," ಎಂದ ಕೊನೆಗೆ, "ಎಲ್ಲಾ ಇಳಿಸಿಬಿಡ್ಲಾ?"

ಅಣ್ಣ ತಲೆ ಎತ್ತದೆಯೇ ಹೂಂಗುಟ್ಟಿದ.

ಆಸಿಡ್ ಅಕ್ಕ ಉರುಳಿದ ಸ್ಟೂಲನ್ನು ಎತ್ತಿ ನಿಲ್ಲಿಸಿದಳು. ಕಪಾಟಿನಿಂದ ಹೋದ ತಿಂಗಳ ಪೊಟ್ಟಣವೊಂದನ್ನು ತೆಗೆದು, ಅವನ ಕಾಲನ್ನು ತಾನೇ ಎಳೆದಿಟ್ಟುಕೊಂಡು ಪಟ್ಟಿ ಸುತ್ತತೊಡಗಿದಳು. ಕೋಪ ಇನ್ನೂ ಬೆರಳುಗಳಿಂದ ಇಳಿದಿರಲಿಲ್ಲ.

"ಬಿಗಿಯಾಯ್ತು, ನೋಯುತ್ತೆ ಕಣೇ," ಎಂದ ಅಣ್ಣ.

"ನೋಯ್ಲಿ," ಎಂದಳು, ಗಂಟು ಹಾಕುತ್ತಾ.